ವಸಾಹತಿನ ಸುದ್ದಿ: ದೇಶಗಳ ಮಾತನ್ನು ತೂಗಿ ನೋಡುವುದು ಹೇಗೆ?

ಪ್ಯಾಲೆಸ್ಟೀನಿಯರು ಇರುವ ವೆಸ್ಟ್ ಬ್ಯಾಂಕ್‌ನಲ್ಲಿ ತನ್ನ ಜನರ ಊರುಗಳಲ್ಲಿ, ಅಂದರೆ ವಸಾಹತುಗಳಲ್ಲಿ, ಹೊಸ ಮನೆಗಳಿಗೆ ಇಸ್ರೇಲ್ ಒಪ್ಪಿಗೆ ಕೊಟ್ಟರೆ ಸಾಕು, ಬೇರೆ ಬೇರೆ ದೇಶಗಳ ಹೇಳಿಕೆಗಳು ಸಾಲಾಗಿ ಬರುತ್ತವೆ. 'ಕಳವಳ', 'ತೀವ್ರ ಕಳವಳ', 'ಖಂಡನೆ'. ಓದಿ ಓದಿ ಎಲ್ಲವೂ ಒಂದೇ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪದ ನೋಡಿ. 'ಕಾನೂನುಬಾಹಿರ' ಅಂತ ಇದೆಯಾ, ಬರೀ 'ಶಾಂತಿಗೆ ಅಡ್ಡಿ' ಅಂತ ಇದೆಯಾ? ಆಕ್ರಮಿಸಿಕೊಂಡ ನೆಲಕ್ಕೆ ತನ್ನ ಜನರನ್ನು ತಂದು ಕೂರಿಸಬಾರದು ಎನ್ನುತ್ತದೆ 1949ರ ನಾಲ್ಕನೇ ಜಿನೀವಾ ಒಪ್ಪಂದದ 49ನೇ ವಿಧಿ. 1967ರಲ್ಲಿ ಹಿಡಿದ ಈ ನೆಲಕ್ಕೆ ಅದು ಅನ್ವಯಿಸುವುದಿಲ್ಲ ಎಂಬುದು ಇಸ್ರೇಲ್ ವಾದ. ಅಮೆರಿಕ 2019ರಲ್ಲಿ ವಸಾಹತುಗಳು ತಮ್ಮಷ್ಟಕ್ಕೆ ಕಾನೂನಿಗೆ ವಿರುದ್ಧವಲ್ಲ ಎಂದಿತು. 2024ರಲ್ಲಿ ವಿರುದ್ಧ ಎಂದಿತು. ಒಪ್ಪಂದದ ಒಂದಕ್ಷರವೂ ಬದಲಾಗಿರಲಿಲ್ಲ, ಸರ್ಕಾರ ಬದಲಾಗಿತ್ತು.

ಆಮೇಲೆ ಕೈ ಎಣಿಸಿ. ನನ್ನ ಮಟ್ಟಿಗೆ ಇದೇ ಮುಖ್ಯ. 2011ರ ಫೆಬ್ರುವರಿಯಲ್ಲಿ ವಸಾಹತು ವಿರೋಧಿಸುವ ನಿರ್ಣಯಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 14 ಮಂದಿ ಕೈ ಎತ್ತಿದರು. ಭಾರತವೂ ಎತ್ತಿತು. ಅಮೆರಿಕ ವೀಟೊ (ಒಬ್ಬರೇ ತಡೆಯಬಹುದಾದ ಹಕ್ಕು) ಹಾಕಿತು, ನಿರ್ಣಯ ಬಿದ್ದುಹೋಯಿತು. 2016ರ ಡಿಸೆಂಬರ್ 23ರಂದು ಮತ್ತೆ 14 ಮತ. ಈ ಸಲ ಅಮೆರಿಕ ಯಾವ ಕಡೆಗೂ ಕೈ ಎತ್ತದೆ ಸುಮ್ನೆ ಕೂತಿತು. 2334ನೇ ನಿರ್ಣಯ ಪಾಸಾಯಿತು. ಎರಡೂ ಸಲ ಅಧ್ಯಕ್ಷರು ಒಬಾಮ ಅವರೇ. ಹಾಗಾಗಿ 'ಮತದಾನದಿಂದ ದೂರ ಉಳಿಯಿತು' ಎಂಬ ಸಾಲನ್ನು ಹಾರಿಸಿ ಓದಬೇಡಿ.

ನಮ್ಮ ದೇಶದ ಮತವನ್ನಂತೂ ಹುಡುಕಿ ನೋಡಿ. 2023ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ವಸಾಹತು ಖಂಡಿಸುವ ನಿರ್ಣಯಕ್ಕೆ ಭಾರತ ಹೌದು ಎಂದಿತು. 2024ರ ಸೆಪ್ಟೆಂಬರ್‌ನಲ್ಲಿ, ಆಕ್ರಮಿಸಿಕೊಂಡ ನೆಲವನ್ನು ಇಸ್ರೇಲ್ 12 ತಿಂಗಳೊಳಗೆ ಬಿಡಲಿ ಎಂಬ ನಿರ್ಣಯ ಬಂದಾಗ ದೂರ ಉಳಿದ 43 ದೇಶಗಳಲ್ಲಿ ನಾವೂ ಇದ್ದೆವು. ಖಂಡಿಸುವುದು ಸುಲಭ, ಗಡುವು ಹಾಕುವುದು ಕಷ್ಟ.

ಕೊನೆಗೆ, ಸರಕಿನ ಕಾಗದ ನೋಡಿ. 2005ರಿಂದ ಯುರೋಪಿನ ಕಸ್ಟಮ್ಸ್‌ನವರು ಇಸ್ರೇಲ್ ಸರಕಿನ ಕಾಗದದಲ್ಲಿ ಊರಿನ ಹೆಸರು, ಪಿನ್‌ಕೋಡ್ ನೋಡುತ್ತಾರೆ. ಊರು ವಸಾಹತಾದರೆ ಸುಂಕದ ರಿಯಾಯಿತಿ ಇಲ್ಲ. ವೆಸ್ಟ್ ಬ್ಯಾಂಕ್‌ನ ರಾಮಲ್ಲಾ ನಗರದ ಹತ್ತಿರದ ಪ್ಸಗೋಟ್ ವಸಾಹತಿನ ವೈನ್ ತಯಾರಕರು ಲೇಬಲ್ ವಿಚಾರಕ್ಕೆ ಕೋರ್ಟಿಗೆ ಹೋದರು. 2019ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು: ಬರೀ 'ಇಸ್ರೇಲ್' ಅಂತ ಹಾಕುವಂತಿಲ್ಲ. ಯಾವ ಪ್ರದೇಶ ಎಂದು ಬರೆಯಬೇಕು, ಪಕ್ಕದಲ್ಲಿ 'ಇಸ್ರೇಲಿ ವಸಾಹತು' ಎಂದೂ ಬರೆಯಬೇಕು. ಅಂಗಡಿಗೆ ಬಂದವರು ಬಾಟಲಿ ತಿರುಗಿಸಿ ಅದನ್ನು ಓದಬಹುದು.