ಆರ್‌ಪಿಜಿ ಗೇಮ್ ಹೇಗಿದೆ? ಒಂದು ಕೋಳಿ ಹೊಡೆದು ನೋಡಿ

ಕುವೆಂಪುನಗರದಲ್ಲಿರುವ ನಮ್ಮಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. ‘ಮಾಮ, ಹೊಸ ಆರ್‌ಪಿಜಿ ಗೇಮ್ ಬಂದಿದೆ. ಮ್ಯಾಪ್ ಎಷ್ಟು ದೊಡ್ಡದು ಗೊತ್ತಾ? ಕೊಡಿಸ್ತೀಯಾ?’ ಆರ್‌ಪಿಜಿ ಅಂದರೆ ನಾವೇ ಒಂದು ಪಾತ್ರವಾಗಿ ಕಥೆಯ ಲೋಕದಲ್ಲಿ ತಿರುಗುವ ಆಟ. ಬೆಲೆ ಮೂರು ಸಾವಿರ ಚಿಲ್ಲರೆಯಂತೆ. ‘ಮ್ಯಾಪ್ ಇರ್ಲಿ ಬಿಡು, ಅದರೊಳಗೆ ಏನಿದೆ?’ ಅಂದೆ. ಆ ಕಡೆ ಸದ್ದಿಲ್ಲ.

ಅವನನ್ನು ಬೈಯುವ ಹಾಗೂ ಇಲ್ಲ. ಒಂದು ದೀಪಾವಳಿಗೆ ನಾನೂ ಟ್ರೇಲರ್ ನೋಡಿ ಮರುಳಾಗಿ ಇಂಥದ್ದೊಂದು ಆಟ ಕೊಂಡಿದ್ದೆ. ಕೋಟೆ, ಮಂಜು, ಡ್ರ್ಯಾಗನ್ ಎಲ್ಲ ಇತ್ತು. ಹನ್ನೊಂದು ಗಂಟೆ ಆಡಿ ನಾನು ಮಾಡಿದ್ದು ತೋಳ ಕೊಲ್ಲುವುದು, ಸೊಪ್ಪು ಕೀಳುವುದು, ಮತ್ತೆ ತೋಳ ಕೊಲ್ಲುವುದು. ಹಣ ವಾಪಸ್ ಕೇಳುವ ಗಡುವು ಎಂದೋ ಮುಗಿದಿತ್ತು.

ಆಟ ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದಕ್ಕೆ ಆ ಗಡುವೇ ನಮ್ಮ ಅಳತೆಗೋಲು. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮನ್ನು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಮಾಡಬಹುದು. ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್‌ನವರಿಗೆ ಈ ಭಾಗ್ಯ ಇಲ್ಲ; ಅಲ್ಲಿ ಡೌನ್‌ಲೋಡ್ ಶುರುವಾದರೆ ಸಾಮಾನ್ಯವಾಗಿ ಹಣ ಮರಳುವುದಿಲ್ಲ.

ಮೊದಲು ನಿಮ್ಮ ಕಂಪ್ಯೂಟರ್ ನೋಡಿಕೊಳ್ಳಿ. ಬಾಲ್ಡರ್ಸ್ ಗೇಟ್ 3 ಅನ್ನುವ ಆರ್‌ಪಿಜಿಗೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್‌ನಲ್ಲಿ. ಅಂಥದ್ದೇ ಇನ್ನೊಂದು ಆಟ ವಿಚರ್ 3ಕ್ಕೆ ಅದರ ಮೂರನೇ ಒಂದು ಪಾಲು ಸಾಕು. ಮನೆಯ ಇಂಟರ್ನೆಟ್ ಪ್ಲಾನ್‌ಗೆ ಮಿತಿ ಇದ್ದರೆ ಅದನ್ನೂ ಲೆಕ್ಕ ಹಾಕಿ.

ಆಮೇಲೆ ವಿಮರ್ಶೆ. ಸ್ಟೀಮ್‌ನಲ್ಲಿ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಪಕ್ಕದಲ್ಲೇ ಇರುತ್ತದೆ. ಐವತ್ತು ಗಂಟೆ ಆಡಿ ‘ಬೇಡ’ ಅಂದವರದ್ದನ್ನು ಓದಿ. ಹತ್ತು ನಿಮಿಷ ಆಡಿ ಹೊಗಳಿದವರನ್ನು ಸುಮ್ನೆ ಬಿಟ್ಟುಬಿಡಿ.

ಈಗ ಕೊಂಡು ಶುರು ಮಾಡಿ. ಗಡಿಯಾರವೂ ಶುರುವಾಯಿತು. ಪಾತ್ರದ ಮೂಗು, ಮೀಸೆ ತಿದ್ದುವುದರಲ್ಲೇ ಮುಕ್ಕಾಲು ಗಂಟೆ ಕಳೆಯುವವರಿದ್ದಾರೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಸಿದ್ಧವಿರುವ ಯಾವುದೋ ಮುಖ ಹಾಕಿಕೊಂಡು ಹೊರಡಿ.

ದಾರಿ ತೋರಿಸುವ ಗುರುತುಗಳನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ಹತ್ತು ನಿಮಿಷ ಸುಮ್ನೆ ನಡೆಯಿರಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ನಾವು ಹತ್ತುವುದು ತುದಿಯ ದೇವಸ್ಥಾನಕ್ಕೇ ಆದರೂ ಮಧ್ಯೆ ನಂದಿ ಸಿಗುತ್ತಾನೆ, ತಿರುಗಿ ನೋಡಿದರೆ ಊರು ಕಾಣುತ್ತದೆ. ಸ್ಕೈರಿಮ್ ಅನ್ನುವ ಆರ್‌ಪಿಜಿಯಲ್ಲೂ ಒಂದು ಬೆಟ್ಟ ಇದೆ, ಏಳು ಸಾವಿರ ಮೆಟ್ಟಿಲು ಅಂತ ಆಟದಲ್ಲಿ ಹೇಳುತ್ತಾರೆ. ದಾರಿಯುದ್ದಕ್ಕೂ ಕೆತ್ತಿದ ಕಲ್ಲುಗಳಿವೆ. ಎಲ್ಲೋ ಒಂದು ಕಡೆ ಹಿಮದ ರಾಕ್ಷಸ ಮೈಮೇಲೆ ಬೀಳುತ್ತಾನೆ. ಮೊದಲ ಸಲ ನಾನು ಅಲ್ಲೇ ಸತ್ತೆ. ನಡೆದ ಹತ್ತು ನಿಮಿಷದಲ್ಲಿ ಇಂಥದ್ದು ಒಂದೂ ಸಿಗದಿದ್ದರೆ ಮ್ಯಾಪ್ ಎಷ್ಟು ದೊಡ್ಡದಿದ್ದರೂ ಅದು ಬರೀ ಬಯಲು.

ಇನ್ನು ಮುಖ್ಯವಾದ ಪರೀಕ್ಷೆ: ಬೇಕಂತಲೇ ಒಂದು ತಪ್ಪು ಮಾಡಿ. 2011ರಲ್ಲಿ ಬಂದ ಸ್ಕೈರಿಮ್‌ನ ಮೊದಲ ಹಳ್ಳಿಯಲ್ಲಿ ಒಂದು ಕೋಳಿ ಹೊಡೆದರೆ ಸಾಕು, ಊರಿಗೆ ಊರೇ ಕತ್ತಿ ಹಿಡಿದು ಬರುತ್ತದೆ. ಅದೇ ಆಟದಲ್ಲಿ ಅಂಗಡಿಯವನ ತಲೆಗೆ ಬಕೆಟ್ ಕವುಚಿ ಎದುರಿಗೇ ಕದ್ದರೂ ಅವನಿಗೆ ಗೊತ್ತಾಗುವುದಿಲ್ಲ! ಎರಡೂ ತಮಾಷೆಯೇ. ಆದರೆ ಆ ಲೋಕ ನಿಮ್ಮನ್ನು ಗಮನಿಸುತ್ತಿದೆ, ತನ್ನದೇ ಲೆಕ್ಕದಲ್ಲಿ.

2015ರ ವಿಚರ್ 3ರಲ್ಲಿ ಇದು ತಮಾಷೆಯಾಗಿ ಉಳಿಯುವುದಿಲ್ಲ. ಶುರುವಿನಲ್ಲೇ ಒಬ್ಬ ಕುಳ್ಳ ಕಮ್ಮಾರ ಸಿಗುತ್ತಾನೆ. ಅವನ ಕುಲುಮೆಗೆ ಯಾರೋ ಬೆಂಕಿ ಇಟ್ಟಿದ್ದಾರೆ. ನೀವು ಹೆಜ್ಜೆ ಜಾಡು ಹಿಡಿದು ಹೋಗಿ ಆ ಮನುಷ್ಯನನ್ನು ಪತ್ತೆ ಮಾಡುತ್ತೀರಿ. ಅವನು ‘ದುಡ್ಡು ಕೊಡ್ತೀನಿ, ಬಿಟ್ಟುಬಿಡು’ ಅನ್ನುತ್ತಾನೆ. ನಾನು ನ್ಯಾಯವಂತನ ಹಾಗೆ ಹಿಡಿದುಕೊಟ್ಟೆ. ಊರನ್ನು ಗೆದ್ದಿದ್ದ ಸೈನಿಕರು ಅವನನ್ನು ಎಳೆದುಕೊಂಡು ಹೋಗಿ ನೇಣಿಗೆ ಹಾಕಿದರು. ಐದು ನಿಮಿಷ ಕೀಬೋರ್ಡ್ ಮುಟ್ಟಲಿಲ್ಲ ನಾನು. ಇಂಥ ಒಂದು ಘಳಿಗೆ ಎರಡು ಗಂಟೆಯಲ್ಲಿ ಸಿಕ್ಕರೆ ಗ್ರಾಫಿಕ್ಸ್ ಸ್ವಲ್ಪ ಮಂಕಾಗಿದ್ದರೂ ಆಟ ಇಟ್ಟುಕೊಳ್ಳಿ. ಏನು ಉತ್ತರ ಕೊಟ್ಟರೂ ಎದುರಿನವರು ಒಂದೇ ಮಾತಾಡುತ್ತಿದ್ದರೆ ಅನುಮಾನ ಪಡಿ.

ಲೆವೆಲ್ ಏರಿದಾಗ ಏನು ಸಿಗುತ್ತದೆ ಅಂತಲೂ ನೋಡಿ. ‘ಕತ್ತಿಯ ಏಟು ನೂರಕ್ಕೆ 2 ಜಾಸ್ತಿ’ ಅಂದರೆ ಅದು ಬಡ್ಡಿ ಲೆಕ್ಕ. ಬಾಲ್ಡರ್ಸ್ ಗೇಟ್ 3ರಲ್ಲಿ ಒಂದು ಮಂತ್ರ ಕಲಿತರೆ ಪ್ರಾಣಿಗಳ ಜೊತೆ ಮಾತಾಡಬಹುದು. ಅದುವರೆಗೆ ಸುಮ್ನೆ ದಾಟಿ ಹೋದ ಎತ್ತು, ಅಳಿಲು ಎಲ್ಲಕ್ಕೂ ಆಮೇಲೆ ಬಾಯಿ ಬರುತ್ತದೆ.

ಕೊನೆಗೆ ಸೇವ್. ಏಪ್ರಿಲ್ ಸಂಜೆ ಗುಡುಗು ಬಂತು ಅಂದರೆ ನಮ್ಮಲ್ಲಿ ಕರೆಂಟ್ ಹೋಯಿತು ಅಂತಲೇ ಅಲ್ವಾ? ಆಟ ತಾನಾಗಿ ಎಷ್ಟು ನಿಮಿಷಕ್ಕೊಮ್ಮೆ ಸೇವ್ ಆಗುತ್ತದೆ, ಬೇಕಾದ ಕಡೆ ನೀವೇ ಸೇವ್ ಮಾಡಬಹುದೇ ನೋಡಿಕೊಳ್ಳಿ. ಎಲ್ಡನ್ ರಿಂಗ್ ಅನ್ನುವ ಆಟ ಆಗಾಗ ಸೇವ್ ಆಗುತ್ತದೆ, ಆದರೆ ಅದರಲ್ಲಿ ಆಟವನ್ನು ಮಧ್ಯೆ ತಡೆದು ನಿಲ್ಲಿಸುವ ಪಾಝ್ ಬಟನ್ನೇ ಇಲ್ಲ. ಊಟಕ್ಕೆ ಕರೆದಾಗ ‘ನಿಲ್ಸಕ್ಕಾಗಲ್ಲ ಅಮ್ಮ’ ಅಂದರೆ ಯಾವ ತಾಯಿ ನಂಬುತ್ತಾಳೆ?

ಒಂದೂವರೆ ಗಂಟೆಗೆ ಫೋನ್‌ನಲ್ಲಿ ಅಲಾರಂ ಇಟ್ಟುಕೊಂಡಿರಿ. ಅದು ಹೊಡೆದಾಗ ಆಟ ಪೂರ್ತಿ ಮುಚ್ಚಿ. ಮೆನುವಿನಲ್ಲಿ ಬಿಟ್ಟು ಕಾಫಿಗೆ ಹೋದರೂ ಗಂಟೆ ಓಡುತ್ತಲೇ ಇರುತ್ತದೆ. ವಾಪಸ್ ಕೇಳುವುದಿದ್ದರೆ ಅವತ್ತೇ ಕೇಳಿ. ನಮ್ಮ ಹುಡುಗ ತಾನು ಕೇಳಿದ್ದ ಆಟವನ್ನು 1 ಗಂಟೆ 40 ನಿಮಿಷಕ್ಕೆ ವಾಪಸ್ ಮಾಡಿದ. ಕೋಳಿ ಹೊಡೆಯೋಣ ಅಂದರೆ ಆ ಹಳ್ಳಿಯಲ್ಲಿ ಕೋಳಿಯೇ ಇರಲಿಲ್ಲವಂತೆ.