ಫೇಗತೊ ಪದದ ಬೇರು ಹುಡುಕಿದ ನನ್ನ ಅನುಭವ

ಇಟಾಲಿಯನ್ ಕಲಿಯೋ ಹೊಸದ್ರಲ್ಲಿ ಅಡುಗೆ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ದೆ, ವೆನಿಸ್ ಕಡೆ ಈರುಳ್ಳಿ ಹಾಕಿ ಮಾಡೋ ಲಿವರ್ ಅಡುಗೆ 'ಫೇಗತೊ ಆಲ್ಲ ವೆನೆತ್ಸಿಯಾನ' ಬಂದಾಗ ಪೆನ್ನು ಅಲ್ಲೇ ನಿಂತ್ಬಿಡ್ತು. ಇಟಾಲಿಯನ್ನಲ್ಲಿ ಫೇಗತೊ ಅಂದ್ರೆ ಲಿವರ್. ಲಿವರ್‌ಗೆ ಲ್ಯಾಟಿನ್ನಲ್ಲಿ ಯೆಕುರ್ ಅಂತಾರೆ, ನಾವು ಸಂಸ್ಕೃತದಿಂದ ತಗೊಂಡಿರೋ ಯಕೃತ್ತು ಅದರ ಒಡಹುಟ್ಟು. ಹಾಗಿದ್ಮೇಲೆ ಲ್ಯಾಟಿನ್ನಿನ ಸ್ವಂತ ಮಗಳು ಇಟಾಲಿಯನ್ನಲ್ಲಿ ಆ ಯೆಕುರ್ ಎಲ್ಲಿ ಹೋಯ್ತು?

ನಾನು ಡಿಕ್ಷನರಿ ತೆಗೆಯೋಕೆ ಮುಂಚೆ ಪದದ ಅಕ್ಕತಂಗೀರನ್ನ ಒಂದೇ ಸಾಲಲ್ಲಿ ಬರೀತೀನಿ. ಫ್ರೆಂಚ್ ಫ್ವಾ, ಪೋರ್ಚುಗೀಸ್ ಫೀಗದು, ರೊಮೇನಿಯನ್ ಫಿಕಾತ್, ಸ್ಪ್ಯಾನಿಶ್ ಈಗದೊ. ಸ್ಪ್ಯಾನಿಶ್‌ನವ್ರು ಇದನ್ನ ಹಕಾರ ಹಾಕಿ ಬರೀತಾರೆ ಆದ್ರೆ ಉಚ್ಚಾರ ಮಾಡಲ್ಲ, ಅಲ್ಲಿ ಹಳೇ ಫ ಮೊದ್ಲು ಹ ಆಯ್ತು, ನಮ್ಮ ಹಳಗನ್ನಡದ ಪಾಲು ಹಾಲಾದ ಹಾಗೆ, ಆಮೇಲೆ ಅದೂ ಬಿದ್ದೋಯ್ತು. ಅಂದ್ರೆ ಎಲ್ಲಾ ಫಕಾರದಿಂದ್ಲೇ ಶುರು, ಯೆಕುರ್‌ನ ಸುಳಿವೇ ಇಲ್ಲ.

ಈಗ ಡಿಕ್ಷನರಿ ತೆಗೆದ್ರೆ ಸಿಕ್ಕಿದ್ದು ಲ್ಯಾಟಿನ್ನಿನ ಫೀಕಾತುಮ್, ಅದು ಬಂದಿದ್ದು ಫೀಕುಸ್‌ನಿಂದ, ಫೀಕುಸ್ ಅಂದ್ರೆ ಅಂಜೂರ! ಪ್ರಾಣಿಗಳಿಗೆ ಅಂಜೂರ ತಿನ್ನಿಸಿ ಕೊಬ್ಬಿಸಿದ ಲಿವರ್ ರೋಮನ್ನರಿಗೆ ಬಲು ರುಚಿ, ಹೆಣ್ಣು ಹಂದಿಗಳಿಗೆ ಒಣ ಅಂಜೂರ ಹಾಕೋದನ್ನ ಕಂಡುಹಿಡಿದವನು ಅಪೀಸಿಯಸ್ ಅನ್ನೋ ಭೋಜನಪ್ರಿಯ ಅಂತ 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರ್ದಿದಾನೆ. ಗ್ರೀಕಿನ 'ಹೇಪಾರ್ ಸೂಕೋತೋನ್', ಅಂದ್ರೆ ಅಂಜೂರದ ಲಿವರ್, ಅನ್ನೋದನ್ನ ನೋಡಿ ಲ್ಯಾಟಿನ್ನಲ್ಲಿ 'ಯೆಕುರ್ ಫೀಕಾತುಮ್' ಅಂತ ಮಾಡ್ಕೊಂಡ್ರು. ಹೋಟ್ಲಲ್ಲಿ ಎರಡು ಮಸಾಲೆ ಅಂದ್ರೆ ದೋಸೆ ಅನ್ನದೇನೇ ದೋಸೆ ಬರತ್ತಲ್ಲ, ಹಾಗೇ ಯೆಕುರ್ ಉದುರಿ ಫೀಕಾತುಮ್ ಒಂದೇ ಉಳೀತು. ಇವತ್ತಿನ ಗ್ರೀಕಲ್ಲೂ ಅಂಜೂರ ಸೀಕೊ, ಲಿವರ್ ಸಿಕೋತಿ.

ನಾನು ಸಿಕ್ಕಾಕೊಂಡಿದ್ದು ಒತ್ತಿನ ಹತ್ರ, ಅಂದ್ರೆ ಪದದ ಯಾವ ಭಾಗನ ಒತ್ತಿ ಹೇಳ್ಬೇಕು ಅನ್ನೋದ್ರಲ್ಲಿ. ಫೀಕಾತುಮ್‌ನಲ್ಲಿ ಒತ್ತು 'ಕಾ' ಮೇಲೆ, ಫೇಗತೊದಲ್ಲಿ 'ಫೇ' ಮೇಲೆ, ಇದು ಹೊಂದದೇ ಇದ್ರೆ ನನಗೆ ಸಮಾಧಾನ ಇಲ್ಲ. ನನ್ನದೇ ಸಾಲು ವಾಪಸ್ ಜೋರಾಗಿ ಓದ್ದೆ, ರೊಮೇನಿಯನ್ ಫಿಕಾತ್ ಹಳೇ ಒತ್ತನ್ನೇ ಇಟ್ಕೊಂಡಿದೆ, ಅಷ್ಟೇ ಅಲ್ಲ, ಅದೇ ವೆನಿಸ್‌ನವ್ರು ತಮ್ಮ ಮಾತಲ್ಲಿ ಆ ಅಡುಗೆಗೆ 'ಫಿಗಾ' ಅಂತಾರೆ, ಒತ್ತು ಕೊನೇಲಿ! ಹಾಗಾಗಿ ಇಟಾಲಿಯನ್, ಸ್ಪ್ಯಾನಿಶ್, ಪೋರ್ಚುಗೀಸ್‌ನಲ್ಲಿ ಒತ್ತು ಪದದ ಮೊದಲಿಗೆ ಜರುಗಿದೆ ಅಂತ ಖಾತ್ರಿ ಆಯ್ತು. ಅಕ್ಷರ ನೋಡಿದ್ರೆ ಸಾಲದು, ಬಾಯಲ್ಲಿ ಹೇಳಿ ನೋಡ್ಬೇಕು.

ನನಗೆ ತುಂಬಾ ಹಿಡಿಸಿದ್ದು ಇದು. ಇಟಾಲಿಯನ್ನಲ್ಲಿ 'ಫೇಗತೊ ಇದೆ' ಅಂದ್ರೆ ಧೈರ್ಯ ಇದೆ ಅಂತ, ನಾವು ಗುಂಡಿಗೆ ಬೇಕು ಅಂತೀವಲ್ಲ ಹಾಗೆ. ಯಕೃತ್ತಿನ ಇನ್ನೊಂದು ನೆಂಟ ಪರ್ಷಿಯನ್ ಜಿಗರ್, ಹಿಂದೀಲಿ ಅದಕ್ಕೂ ಲಿವರ್, ಧೈರ್ಯ ಎರಡೂ ಅರ್ಥ ಇದೆ.