ವಾಷಿಂಗ್ ಮೆಷಿನ್‌ನ ಬೆಲೆ ಹುಡುಕಿದ್ದು ಹೀಗೆ

ಊರಲ್ಲಿ ಅಮ್ಮನಿಗೆ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಕೊಡಿಸಬೇಕಿತ್ತು. ಹಬ್ಬದ ಸೇಲ್‌ಗೆ ಇನ್ನೂ ಟೈಮ್ ಇತ್ತು, ಹಾಗಾಗಿ ಅವಸರ ಇರಲಿಲ್ಲ.

ಮೊದಲು ಮಾಡಿದ ಕೆಲಸ, ಪೂರ್ತಿ ಮಾಡೆಲ್ ನಂಬರ್ ಬರೆದುಕೊಂಡಿದ್ದು. "7 ಕೆಜಿ ಫ್ರಂಟ್ ಲೋಡ್" ಅಂತ ಸುಮ್ನೆ ಹುಡುಕಿದರೆ ಎಲ್ಲಾ ಕಲಸಿಕೊಂಡು ಬರುತ್ತೆ. ನೋಡೋಕೆ ಒಂದೇ ಥರ ಇರೋ ಎರಡು ಮೆಷಿನ್‌ಗಳ ನಂಬರಿನಲ್ಲಿ ಕೊನೆಯ ಒಂದೆರಡು ಅಕ್ಷರ ಬೇರೆ ಇದ್ದರೆ ಬಣ್ಣವೋ, ಹಳೇ ಮಾಡೆಲ್ಲೋ, ಏನೋ ಒಂದು ಬದಲಾಗಿರುತ್ತೆ. ಆಮೇಲೆ ಆ ನಂಬರನ್ನೇ ಗೂಗಲ್ ಶಾಪಿಂಗ್, ಸ್ಮಾರ್ಟ್‌ಪ್ರಿಕ್ಸ್‌ನಂಥ ಬೆಲೆ ಹೋಲಿಸೋ ಸೈಟ್‌ಗಳಲ್ಲಿ ಹಾಕಿ ನೋಡಿದೆ.

ಆದರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇವತ್ತಿನ ಬೆಲೆಗಳ ಪಟ್ಟಿಯಲ್ಲ, ಹಿಂದಿನ ಬೆಲೆಯ ಗ್ರಾಫ್. ಅದನ್ನ ತೋರಿಸೋಕೆ ಬ್ರೌಸರ್‌ಗೆ ಸೇರಿಸಿಕೊಳ್ಳೋ ಎಕ್ಸ್‌ಟೆನ್ಷನ್‌ಗಳಿವೆ: ಕೀಪಾ ಅಮೆಜಾನ್‌ಗೆ ಮಾತ್ರ, ಬೈಹಟ್ಕೆಯಲ್ಲಿ ಫ್ಲಿಪ್‌ಕಾರ್ಟ್ ಕೂಡ ಸಿಗುತ್ತೆ. ಇಂಥ ಎಕ್ಸ್‌ಟೆನ್ಷನ್‌ಗಳು ನಾವು ತೆರೆಯೋ ಪೇಜ್‌ಗಳನ್ನು ಓದುತ್ತವೆ, ಅದಕ್ಕೆ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ ಅಲ್ಲಿ ಹಾಕಿಕೊಂಡೆ. ಗ್ರಾಫ್ ನೋಡಿದ ಮೇಲೆ "45% ಆಫ್" ಅನ್ನೋದರ ಮೇಲೆ ನನಗೆ ಗೌರವ ಉಳಿದಿಲ್ಲ. ಆ ಲೆಕ್ಕ ಎಂಆರ್‌ಪಿಯಿಂದ ಶುರುವಾಗುತ್ತೆ, ಆ ಎಂಆರ್‌ಪಿಗೆ ಈ ಮೆಷಿನ್ ವರ್ಷವಿಡೀ ಒಂದು ದಿನವೂ ಮಾರಾಟವಾಗಿರಲಿಲ್ಲ! ಹಳೇ ಬೆಲೆ ಓದುವಾಗ ತೆರಿಗೆಯನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಎಸಿ, ಡಿಶ್‌ವಾಷರ್‌ಗಳ ಜಿಎಸ್‌ಟಿ 28%ನಿಂದ 18%ಗೆ ಇಳಿಯಿತು, ಅದಕ್ಕಿಂತ ಹಿಂದಿನ ಬೆಲೆಯನ್ನು ಈಗಿನದಕ್ಕೆ ಹೋಲಿಸಿ ಅಗ್ಗ ಅಂದುಕೊಂಡರೆ ಲೆಕ್ಕ ತಪ್ಪುತ್ತೆ. ವಾಷಿಂಗ್ ಮೆಷಿನ್ 2018ರಿಂದಲೇ 18%ನಲ್ಲಿದೆ, ಆ ತಲೆನೋವು ನನಗೆ ಇರಲಿಲ್ಲ.

ಇನ್ನು ಈ ಟೂಲ್‌ಗಳು ತೋರಿಸದ ಸಂಗತಿಗಳಿವೆ. ನಿಮ್ಮ ಹತ್ತಿರ ಯಾವ ಬ್ಯಾಂಕಿನ ಕಾರ್ಡ್ ಇದೆ, ಹಳೇ ಮೆಷಿನ್‌ಗೆ ಎಷ್ಟು ಕೊಡ್ತಾರೆ, ಅವಕ್ಕೇನು ಗೊತ್ತು? ಊರಿನ ಪಿನ್‌ಕೋಡ್ ಹಾಕಿದ ಕೂಡಲೇ ಅತಿ ಅಗ್ಗದ ಮಾರಾಟಗಾರ "ಡೆಲಿವರಿ ಇಲ್ಲ" ಅಂದ. ನೋ ಕಾಸ್ಟ್ ಇಎಂಐ, ಅಂದರೆ ಬಡ್ಡಿಯ ಹೊರೆ ಇಲ್ಲದ ಕಂತು ಅಂತಾರಲ್ಲ, ಅದರಲ್ಲೂ ಬ್ಯಾಂಕ್ ಹಾಕೋ ಬಡ್ಡಿಯ ಮೇಲೆ 18% ಜಿಎಸ್‌ಟಿ ನಮ್ಮ ತಲೆಗೇ ಬರುತ್ತೆ, ಪ್ರೊಸೆಸಿಂಗ್ ಫೀ ಇದ್ದರೆ ಅದೂ ಸೇರುತ್ತೆ. ಎಲ್ಲಾ ಕೂಡಿಸಿ ಕಳೆದು ಕೈಯಿಂದ ಎಷ್ಟು ಹೋಗುತ್ತೆ ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದೆ, ಆಗ ಪಟ್ಟಿಯಲ್ಲಿ ಮೇಲಿದ್ದದ್ದು ಕೆಳಗೆ ಬಂತು. ಅಂದಹಾಗೆ ಎಷ್ಟೋ ಹೋಲಿಕೆ ಸೈಟ್‌ಗಳಿಗೆ ನಾವು ಅಲ್ಲಿಂದ ಹೋಗಿ ಕೊಂಡರೆ ಕಮಿಷನ್ ಸಿಗುತ್ತೆ. ಕಮಿಷನ್ ಕೊಡದ ಅಂಗಡಿ ಪಟ್ಟಿಯಲ್ಲಿ ಇಲ್ಲದೇ ಇರಬಹುದು, ಅಲ್ವಾ?

ಕೀಪಾದಲ್ಲಿ ನನಗೆ ಒಪ್ಪೋ ಬೆಲೆ ಹಾಕಿ ಅಲರ್ಟ್ ಇಟ್ಟೆ. ಸೇಲ್ ಶುರುವಾಗೋ ಮುಂಚೆಯೇ, ಯಾವುದೋ ಮಾಮೂಲಿ ಮಂಗಳವಾರ ಬೆಲೆ ಇಳಿದ ಮೆಸೇಜ್ ಬಂತು. ಗ್ರಾಫ್‌ನಲ್ಲಿದ್ದ ಕನಿಷ್ಠ ಬೆಲೆಗೆ ಹತ್ತಿರವೇ ಇತ್ತು, ತಗೊಂಡುಬಿಟ್ಟೆ. ಸ್ಟ್ಯಾಂಡ್ ಮತ್ತು ನಲ್ಲಿಗೆ ಹಾಕೋ ಕನೆಕ್ಟರ್ ಮಾತ್ರ ಊರಿನ ಅಂಗಡಿಯಲ್ಲಿ, ಚೌಕಾಸಿ ಮಾಡಿ.